ದಿನಕ್ಕೊಂದು ಮಿಲಿಮೀಟರ್

ರೋಗಿಗಳನ್ನು ಸಂದರ್ಶಿಸುವುದು ಕರುಣೆಯ ಕಾರ್ಯಗಳಲ್ಲಿ ಒಂದೆಂದು ನಾವೆಲ್ಲರೂ ಬಾಲ್ಯದಲ್ಲಿಯೇ ಧರ್ಮೋಪದೇಶದ ತರಗತಿಯಲ್ಲಿ ಕಲಿತಿದ್ದೇವೆ. ಆದರೆ ಮಂಚದ ಪಕ್ಕದಲ್ಲಿ ಕುಳಿತ ಮೇಲೆ ಏನು ಮಾತನಾಡಬೇಕು ಎಂಬುದನ್ನು ನಮಗೆ ಯಾರೂ ಕಲಿಸಲಿಲ್ಲ. ಆದ್ದರಿಂದ ಹಣ್ಣಿನ ಚೀಲವನ್ನು ಮೇಜಿನ ಮೇಲಿಟ್ಟು, ವಾಡಿಕೆಯ ನಾಲ್ಕು ಮಾತುಗಳನ್ನಾಡಿ ಎದ್ದು ಬರುತ್ತೇವೆ. “ಧೈರ್ಯವಾಗಿರಿ”, “ಬೇಗ ವಾಸಿಯಾಗುತ್ತೆ ಬಿಡಿ”, “ದೇವರು ದೊಡ್ಡವನು”. ಈ ಮಾತುಗಳಲ್ಲಿ ಸುಳ್ಳಿಲ್ಲ, ಕೆಟ್ಟ ಉದ್ದೇಶವೂ ಇಲ್ಲ. ಆದರೂ ಕೆಲವೊಮ್ಮೆ ಅವು ಗಾಯದ ಮೇಲೆ ಉಪ್ಪಿನಂತೆ ಬೀಳುತ್ತವೆ. ಇದನ್ನು ನನಗೆ ಕಲಿಸಿದ್ದು ನಮ್ಮ ಗುರುಮಠವಲ್ಲ, ಹದಿನಾಲ್ಕು ವರ್ಷದ ಒಬ್ಬ ಹುಡುಗ.

ಹೊನ್ನಾಳಿ ಸೀಮೆಯ ಸಾಸ್ವೆಹಳ್ಳಿಯ ಸುತ್ತಿನ ಹಳ್ಳಿಯೊಂದರಲ್ಲಿ ಆ ಹುಡುಗನ ಮನೆ. ಅದು ಭತ್ತ, ಅಡಿಕೆ ಬೆಳೆಯುವ ಸೀಮೆ. ತಂದೆಗೆ ಒಂದಿಷ್ಟು ತೋಟವಿತ್ತು. ಅವರು ನಮ್ಮ ಧರ್ಮಸಭೆಯವರಲ್ಲ. ಹುಡುಗನ ಸೋದರಮಾವ ನನಗೆ ಬಹಳ ಕಾಲದ ಪರಿಚಿತರು. ಹುಡುಗನಿಗೆ ಎರಡು ವರ್ಷ ತುಂಬುವ ಮೊದಲೇ ಮೊಣಕಾಲ ಬಳಿಯ ಮೂಳೆಯಲ್ಲಿ ಕೀವು ತುಂಬಿ, ಮೂಳೆ ಬೆಳೆಯುವ ಭಾಗವೇ ಹಾಳಾಗಿತ್ತು. ಅವನು ಬೆಳೆದಂತೆ ಬಲಗಾಲು ಬೆಳೆಯಿತು, ಎಡಗಾಲು ಹಿಂದುಳಿಯಿತು. ಹದಿನಾಲ್ಕನೆಯ ವಯಸ್ಸಿಗೆ ಎರಡೂ ಕಾಲುಗಳ ನಡುವೆ ಐದು ಸೆಂಟಿಮೀಟರ್ ಅಂತರವಿತ್ತು. ಶಾಲೆಯಲ್ಲಿ ಅವನಿಗೆ ಇಟ್ಟಿದ್ದ ಅಡ್ಡಹೆಸರನ್ನು ನಾನು ಇಲ್ಲಿ ಬರೆಯಬೇಕಾಗಿಲ್ಲ. ನೀವು ಊಹಿಸಬಲ್ಲಿರಿ.

ನಾನು ಮೊದಲ ಸಲ ಹೋದಾಗ ಶಸ್ತ್ರಚಿಕಿತ್ಸೆ ಮುಗಿದು ಎರಡು ತಿಂಗಳಾಗಿತ್ತು. ಪಡಸಾಲೆಯ ಮಂಚದ ಮೇಲೆ ಹುಡುಗ ಮಲಗಿದ್ದ. ಎಡಗಾಲಿನ ಸುತ್ತ ಉಕ್ಕಿನ ಉಂಗುರಗಳು. ಅವುಗಳಿಂದ ಹೊರಟ ತಂತಿಗಳು ಚರ್ಮ, ಮಾಂಸ, ಮೂಳೆಗಳನ್ನು ದಾಟಿ ಆಚೆ ಬದಿಗೆ ಬಂದಿದ್ದವು. ನೋಡಿ ನನಗೆ ಎದೆ ಝಲ್ಲೆಂದಿತು. ಅದನ್ನು ಮರೆಮಾಡಲು ನಾನು ಮಾತನಾಡತೊಡಗಿದೆ. “ಅರ್ಧ ದಾರಿ ಮುಗೀತಲ್ಲಪ್ಪಾ, ಇನ್ನರ್ಧ ಅಷ್ಟೇ. ನಿನಗಿಂತ ಕಷ್ಟದಲ್ಲಿರೋರು ಎಷ್ಟು ಜನ ಇದ್ದಾರೆ ಹೇಳು. ಅಪ್ಪ, ಅಮ್ಮ ನಿನಗೋಸ್ಕರ ಎಷ್ಟೊಂದು ಖರ್ಚು ಮಾಡಿದ್ದಾರೆ. ನೀನು ನಗ್ತಾ ಇದ್ರೆ ತಾನೆ ಅವರಿಗೂ ಸಮಾಧಾನ?”

ಹುಡುಗ ಗೋಡೆಯ ಕಡೆಗೆ ಮುಖ ತಿರುಗಿಸಿದ. ಸ್ವಲ್ಪ ಹೊತ್ತಿನ ಮೇಲೆ, ನನಗಲ್ಲ, ಗೋಡೆಗೆ ಹೇಳಿದ: “ನಾನು ಕೇಳಿದ್ನಾ?”

ತಾಯಿಗೆ ಭೂಮಿಗಿಳಿದಷ್ಟು ಸಂಕೋಚವಾಯಿತು. “ತಪ್ಪು ತಿಳ್ಕೋಬೇಡ್ರಿ ಫಾದರ್, ಮೊದ್ಲು ಇವನು ಹಿಂಗಿರಲಿಲ್ಲ” ಎಂದರು. ನಾನು ಕಾಫಿ ಕುಡಿದು ಬಸ್ಸು ಹತ್ತಿದೆ. ಆದರೆ ಆ ಎರಡು ಪದಗಳು ನನ್ನೊಡನೆಯೇ ಬಸ್ಸು ಹತ್ತಿದವು. ಪ್ರಿಯ ಓದುಗರೇ, ಈ ಲೇಖನದಲ್ಲಿ ನಿಮ್ಮ ಮುಂದಿಡುತ್ತಿರುವುದು ಆ ಪ್ರಶ್ನೆಯನ್ನೇ. ನೋವಿನಲ್ಲಿರುವವನಿಂದ ನಾವು ತಾಳ್ಮೆಯನ್ನೂ ನಗುಮುಖವನ್ನೂ ಕೃತಜ್ಞತೆಯನ್ನೂ ಬೇಡುತ್ತೇವಲ್ಲ, ಹಾಗೆ ಬೇಡುವ ಹಕ್ಕು ನಮಗೆ ಎಲ್ಲಿಂದ ಬಂತು?

ಮೂಳೆಯ ಗಣಿತ

ಮೊದಲು ಈ ಚಿಕಿತ್ಸೆ ಏನೆಂದು ತಿಳಿಯೋಣ. ಇದರ ಮೂಲಪುರುಷ ಗವ್ರೀಲ್ ಇಲಿಜರೋವ್ ಎಂಬ ವೈದ್ಯರು. 1921ರಲ್ಲಿ ಹುಟ್ಟಿ 1992ರಲ್ಲಿ ತೀರಿಕೊಂಡ ಅವರು ಕೆಲಸ ಮಾಡಿದ್ದು ಸೈಬೀರಿಯದ ಕುರ್ಗಾನ್ ಎಂಬ ದೂರದ ಊರಿನಲ್ಲಿ. ಎರಡನೆಯ ಮಹಾಯುದ್ಧದ ನಂತರದ ದಿನಗಳವು. ಕೂಡದೆ ಉಳಿದ ಮುರಿದ ಮೂಳೆಗಳಿಗೆ ಅವರು ಉಂಗುರ ಮತ್ತು ತಂತಿಗಳ ಸಾಧನವೊಂದನ್ನು 1950ರ ದಶಕದ ಆರಂಭದಲ್ಲಿ ರೂಪಿಸಿದರು. ಮೂಳೆಯ ತುಂಡುಗಳನ್ನು ಒತ್ತಿ ಕೂಡಿಸಬೇಕಾದ ನಟ್ಟನ್ನು ರೋಗಿಯೊಬ್ಬ ತಪ್ಪಿ ಹಿಮ್ಮುಖವಾಗಿ ತಿರುಗಿಸಿದನೆಂದೂ, ಆಗ ಉಂಟಾದ ಸಂದಿನಲ್ಲಿ ಹೊಸ ಮೂಳೆ ಹುಟ್ಟಿದ್ದನ್ನು ಇಲಿಜರೋವ್ ಕಂಡರೆಂದೂ ವೈದ್ಯಲೋಕದಲ್ಲಿ ಒಂದು ಕತೆ ಪ್ರಚಲಿತವಾಗಿದೆ. ಪಶ್ಚಿಮದ ದೇಶಗಳಿಗೆ ಈ ವಿಧಾನ ಬಹಳ ತಡವಾಗಿ ತಲುಪಿತು. ಕಾರ್ಲೋ ಮೌರಿ ಎಂಬ ಇಟಲಿಯ ಪರ್ವತಾರೋಹಿ ವರ್ಷಗಟ್ಟಲೆ ವಾಸಿಯಾಗದ ಕಾಲನ್ನು ಹೊತ್ತು 1980ರಲ್ಲಿ ಕುರ್ಗಾನಿಗೆ ಹೋಗಿ ಗುಣಹೊಂದಿ ಬಂದರು. ಮರುವರ್ಷ ಇಲಿಜರೋವ್ ಇಟಲಿಗೆ ಬಂದು ಅಲ್ಲಿಯ ವೈದ್ಯರೆದುರು ಉಪನ್ಯಾಸ ಕೊಟ್ಟರು. ಅಲ್ಲಿಂದ ಈ ವಿಧಾನ ಜಗತ್ತಿನಾದ್ಯಂತ ಹರಡಿತು; ನಮ್ಮ ನಾಡಿನ ಆಸ್ಪತ್ರೆಗಳಿಗೂ ಬಂತು.

ವಿಧಾನ ಹೇಳಲು ಸರಳ. ಗಿಡ್ಡಗಾಲಿನ ಮೂಳೆಯನ್ನು ಎಚ್ಚರದಿಂದ ಕತ್ತರಿಸುತ್ತಾರೆ. ಸುಮಾರು ಒಂದು ವಾರ ಹಾಗೆಯೇ ಬಿಡುತ್ತಾರೆ. ಆಮೇಲೆ ಸಾಧನದ ನಟ್ಟುಗಳನ್ನು ತಿರುಗಿಸುತ್ತ ತುಂಡುಗಳನ್ನು ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ದೂರ ಸರಿಸುತ್ತಾರೆ. ಅದೂ ಒಮ್ಮೆಗೇ ಅಲ್ಲ. ದಿನಕ್ಕೆ ನಾಲ್ಕು ಬಾರಿ, ಕಾಲು ಕಾಲು ಮಿಲಿಮೀಟರ್. ನಡುವಿನ ಸಂದಿನಲ್ಲಿ ಹೊಸ ಮೂಳೆ ನಿಧಾನವಾಗಿ ತುಂಬಿಕೊಳ್ಳುತ್ತದೆ. ಅವಸರ ಮಾಡಿದರೆ ಮೂಳೆ ಕಟ್ಟಿಕೊಳ್ಳುವುದಿಲ್ಲ, ನರಗಳು ಜಗ್ಗುತ್ತವೆ. ತೀರಾ ನಿಧಾನಿಸಿದರೆ ತುಂಡುಗಳು ಹೊತ್ತಿಗೆ ಮೊದಲೇ ಬೆಸೆದುಕೊಂಡು ಮತ್ತೆ ಕತ್ತರಿಸಬೇಕಾಗುತ್ತದೆ. ಐದು ಸೆಂಟಿಮೀಟರ್ ಬೇಕಾದರೆ ಎಳೆಯುವುದಕ್ಕೇ ಐವತ್ತು ದಿನ. ಹುಟ್ಟಿದ ಮೂಳೆ ಮೈಭಾರ ಹೊರುವಷ್ಟು ಗಟ್ಟಿಯಾಗಲು ಮತ್ತೆ ಹಲವು ತಿಂಗಳು. ಒಟ್ಟಿನಲ್ಲಿ ಸೆಂಟಿಮೀಟರಿಗೆ ಒಂದು ತಿಂಗಳಾದರೂ ಉಂಗುರಗಳು ಕಾಲಿನಲ್ಲಿರಬೇಕು. ವಯಸ್ಸು ಹೆಚ್ಚಿದಷ್ಟೂ ಕಾಲವೂ ಹೆಚ್ಚು. ಮೂಳೆಯೊಳಗೇ ಇರಿಸಿ ಹೊರಗಿನಿಂದ ನಿಯಂತ್ರಿಸುವ ಸರಳುಗಳೂ ಈಗ ಬಂದಿವೆ. ಆದರೆ ಅವು ದುಬಾರಿ. ಎಲ್ಲ ಮಕ್ಕಳಿಗೂ ಹೊಂದುವುದೂ ಇಲ್ಲ.

ಮನಸ್ಸಿನ ಲೆಕ್ಕ

ಮೂಳೆಗೆ ಇಷ್ಟು ನಿಖರವಾದ ಗಣಿತವಿದೆ. ಮನಸ್ಸಿಗೆ ಇಲ್ಲ. ಶಸ್ತ್ರಚಿಕಿತ್ಸೆಯ ಮೊದಲು ಎಲ್ಲರೂ ಅಂತರದ ಬಗ್ಗೆ ಮಾತನಾಡುತ್ತಾರೆ, ಖರ್ಚಿನ ಬಗ್ಗೆ ಮಾತನಾಡುತ್ತಾರೆ, ದಿನಗಳ ಬಗ್ಗೆ ಮಾತನಾಡುತ್ತಾರೆ. ರಾತ್ರಿಗಳ ಬಗ್ಗೆ ಯಾರೂ ಮಾತನಾಡುವುದಿಲ್ಲ.

ಮೂಳೆ ಉದ್ದವಾಗುತ್ತಿದ್ದಂತೆ ಮಾಂಸಖಂಡ, ನರ, ರಕ್ತನಾಳ, ಚರ್ಮ ಎಲ್ಲವೂ ಅದರೊಡನೆ ಉದ್ದವಾಗಬೇಕು. ಮೂಳೆಗಿಂತ ಅವು ಹೆಚ್ಚು ಹಟಮಾರಿಗಳು. ಹಗಲು ಹೇಗೋ ಕಳೆಯುತ್ತದೆ. ಮನೆಯೆಲ್ಲ ಮಲಗಿದ ಮೇಲೆ ಸೆಳೆತ ಶುರುವಾಗುತ್ತದೆ. ಮಗ್ಗುಲಾಗಲು ಉಂಗುರಗಳು ಬಿಡುವುದಿಲ್ಲ. ತಂತಿ ಹೊಕ್ಕ ಜಾಗಗಳಲ್ಲಿ ಕೀವಾಗದಂತೆ ದಿನವೂ ಶುಚಿ ಮಾಡಬೇಕು. ಮೊಣಕಾಲು, ಹಿಮ್ಮಡಿ ಬಿಗಿದುಕೊಳ್ಳದಂತೆ ದಿನವೂ ವ್ಯಾಯಾಮ ಮಾಡಬೇಕು. ಆ ವ್ಯಾಯಾಮವೇ ಒಂದು ನೋವು. ಹದಿನಾಲ್ಕರ ಹುಡುಗನನ್ನು ಮತ್ತೆ ಎತ್ತಿ ಬಚ್ಚಲಿಗೆ ಕರೆದೊಯ್ಯಬೇಕು. ಮೀಸೆ ಚಿಗುರುವ ವಯಸ್ಸಿನಲ್ಲಿ ಅದರ ನಾಚಿಕೆ ಎಷ್ಟೆಂಬುದನ್ನು ಗಂಡುಮಕ್ಕಳನ್ನು ಬೆಳೆಸಿದವರು ಬಲ್ಲರು. ಈ ತಿಂಗಳುಗಳಲ್ಲಿ ಮಕ್ಕಳು ಸಿಡುಕುವುದು, ಊಟ ಸೇರದಿರುವುದು, ನಿದ್ದೆಗೆಡುವುದು, ಮಂಕಾಗಿ ಕೂರುವುದು ಸಾಮಾನ್ಯವೆಂದು ಈ ಚಿಕಿತ್ಸೆ ನೀಡುವ ವೈದ್ಯರಿಗೆ ಗೊತ್ತು. ಬಹುಪಾಲು ಮಕ್ಕಳು ಉಂಗುರ ತೆಗೆದ ಮೇಲೆ ನಿಧಾನವಾಗಿ ಚೇತರಿಸಿಕೊಳ್ಳುತ್ತಾರೆ. ಆದರೆ ಗೊತ್ತಿರುವ ಈ ಸಂಗತಿ ಹಳ್ಳಿಯ ಮನೆಯ ಪಡಸಾಲೆಯವರೆಗೆ ತಲುಪಿರುವುದಿಲ್ಲ. ಅಲ್ಲಿ ಅದಕ್ಕೆ ಬೇರೆ ಹೆಸರಿದೆ: ಹಟ, ಮೊಂಡುತನ, ಉಪಕಾರ ಸ್ಮರಣೆಯಿಲ್ಲದ ಗುಣ.

ತಾಯಿಯ ಪಾಡನ್ನೂ ನೋಡಿ. ದಿನಕ್ಕೆ ನಾಲ್ಕು ಬಾರಿ ಸ್ಪ್ಯಾನರ್ ಹಿಡಿದು ನಟ್ಟು ತಿರುಗಿಸಬೇಕಾದವರು ಆಸ್ಪತ್ರೆಯವರಲ್ಲ, ಮನೆಯವರು. ಮಗು ಬಿದ್ದು ಮೊಣಕಾಲು ತರಚಿಕೊಂಡರೆ ಊದಿ ಸಮಾಧಾನ ಮಾಡಿದ ಅದೇ ಕೈ ಈಗ ಗಡಿಯಾರ ನೋಡಿಕೊಂಡು ಅವನನ್ನು ನೋಯಿಸಬೇಕು. ಆ ತಾಯಿ ಆಮೇಲೆ ನನಗೆ ಹೇಳಿದರು: “ನಾನು ಹತ್ರ ಹೋದ್ರೆ ಸಾಕು, ಅವನು ಮುಷ್ಟಿ ಬಿಗಿ ಹಿಡೀತಿದ್ದ ಫಾದರ್. ಊಟ ತಗಂಡು ಹೋದ್ರೂ ಹಂಗೇ ಮಾಡ್ತಿದ್ದ.” ತಾನು ಬಂದರೆ ಮಗ ಬೆದರುತ್ತಾನೆ ಎಂಬ ಅರಿವಿನೊಂದಿಗೆ ಎಂಟು ವಾರ ಕಳೆದ ಆ ತಾಯಿಗೆ ಯಾರೂ ಹಣ್ಣಿನ ಚೀಲ ತಂದುಕೊಟ್ಟಿರಲಿಲ್ಲ.

ತಾಳ್ಮೆ ಯಾರ ಸಾಲ?

ಈಗ ನೈತಿಕ ಪ್ರಶ್ನೆಗೆ ಬರೋಣ. ತಾಳ್ಮೆ ಒಂದು ಸದ್ಗುಣ, ನಿಜ. ಆದರೆ ಸದ್ಗುಣವನ್ನು ಒಬ್ಬನು ತನ್ನ ಹೃದಯದಿಂದ ಕೊಡಬಹುದೇ ಹೊರತು ಮತ್ತೊಬ್ಬನು ವಸೂಲಿ ಮಾಡಲು ಬರುವುದಿಲ್ಲ. ತಾನಾಗಿ ತನ್ನ ನೋವನ್ನು ದೇವರಿಗೆ ಅರ್ಪಿಸುವವನ ಮುಂದೆ ನಾನು ತಲೆಬಾಗುತ್ತೇನೆ. ಆದರೆ ನೋವಿಲ್ಲದ ನಾನು ನೋವಿರುವ ನಿನಗೆ “ಅರ್ಪಿಸು” ಎಂದು ಆಜ್ಞಾಪಿಸಿದರೆ ಅದು ಭಕ್ತಿಯಲ್ಲ, ನನ್ನ ಅನುಕೂಲ. ನಿನ್ನ ಅಳು ನನ್ನ ಕಿವಿಗೆ ಬೀಳಬಾರದು ಎಂಬುದಷ್ಟೇ ಅದರ ಅರ್ಥ.

ನೋವನ್ನು ಸಹಿಸಿಕೊಳ್ಳುವುದೇ ಪುಣ್ಯ, ನೋವು ಕಳೆಯುವ ಔಷಧಿ ಒಂದು ಬಗೆಯ ಸೋಲು ಎಂಬ ಭಾವನೆ ನಮ್ಮ ಹಲವು ಕುಟುಂಬಗಳಲ್ಲಿ ಇಂದಿಗೂ ಇದೆ. ಧರ್ಮಸಭೆಯ ಬೋಧನೆ ಅದಲ್ಲ. 1957ರ ಫೆಬ್ರವರಿಯಲ್ಲಿಯೇ ಪೋಪ್ ಹನ್ನೆರಡನೇ ಪಿಯುಸ್ ಅರಿವಳಿಕೆ ತಜ್ಞರನ್ನು ಉದ್ದೇಶಿಸಿ ಮಾತನಾಡುತ್ತ, ನೋವನ್ನು ಶಮನಗೊಳಿಸುವುದು ನ್ಯಾಯವೆಂದು ಸ್ಪಷ್ಟಪಡಿಸಿದ್ದರು. ಪೋಪ್ ಎರಡನೇ ಜಾನ್ ಪಾಲ್ ಅವರು 1981ರ ಮೇ ತಿಂಗಳಲ್ಲಿ ಗುಂಡೇಟು ತಿಂದು ಆಸ್ಪತ್ರೆಯಲ್ಲಿ ಮಲಗಿದ್ದವರು. ಸುಮಾರು ಮೂರು ವರ್ಷಗಳ ನಂತರ, 1984ರಲ್ಲಿ, ಮಾನವ ಸಂಕಟದ ಕುರಿತು ಬರೆದ ಪ್ರೇಷಿತ ಪತ್ರದಲ್ಲಿ ಅವರು ಕೊನೆಗೆ ಬಂದು ನಿಲ್ಲುವುದು ದಯಾಳು ಸಮಾರಿಯದವನ ಬಳಿ. ದಾರಿಯಲ್ಲಿ ಬಿದ್ದವನಿಗೆ ಸಮಾರಿಯದವನು ಉಪದೇಶ ಮಾಡಲಿಲ್ಲ. ಗಾಯಕ್ಕೆ ಎಣ್ಣೆ ಹಚ್ಚಿದ, ಹೊತ್ತೊಯ್ದ, ಛತ್ರದವನಿಗೆ ಹಣ ಕೊಟ್ಟ, ಮತ್ತೆ ಬರುತ್ತೇನೆಂದು ಹೇಳಿ ಹೋದ. ಆ ಮನುಷ್ಯ ಎದ್ದು ಕೃತಜ್ಞತೆ ಹೇಳಿದನೇ ಎಂಬುದನ್ನು ಶುಭಸಂದೇಶ ದಾಖಲಿಸುವುದೇ ಇಲ್ಲ.

ಯೋಬನ ಸ್ನೇಹಿತರನ್ನೂ ನೆನೆಯಿರಿ. ಅವರು ಮೊದಲ ಏಳು ದಿನ, ಏಳು ರಾತ್ರಿ ಅವನೊಡನೆ ನೆಲದ ಮೇಲೆ ಮೌನವಾಗಿ ಕುಳಿತರು. ಅವರು ಮಾಡಿದ ಒಳ್ಳೆಯ ಕೆಲಸ ಅದೊಂದೇ. ಬಾಯಿ ತೆರೆದಾಗ ಎಲ್ಲವೂ ಕೆಟ್ಟಿತು. ನಾನಾದರೋ ಆ ಹುಡುಗನ ಬಳಿ ಏಳು ನಿಮಿಷವೂ ಸುಮ್ಮನೆ ಕೂರಲಿಲ್ಲ.

“ನಾನು ಕೇಳಿದ್ನಾ?” ಎಂಬ ಪ್ರಶ್ನೆಗೂ ಶುಭಸಂದೇಶದಲ್ಲಿ ಒಂದು ಜಾಗವಿದೆ. ಜೆರುಸಲೇಮಿನ ಕೊಳದ ಬಳಿ ಮೂವತ್ತೆಂಟು ವರ್ಷಗಳಿಂದ ರೋಗಿಯಾಗಿದ್ದವನನ್ನು ಯೇಸುಸ್ವಾಮಿ ಕಂಡರು. ಅವನಿಗೆ ಬೇಕಾದದ್ದೇನೆಂದು ಯಾರಿಗೆ ತಾನೆ ಗೊತ್ತಿರಲಿಲ್ಲ? ಆದರೂ ಸ್ವಾಮಿ ಮೊದಲು ಅವನನ್ನೇ ಕೇಳಿದರು, ಸ್ವಸ್ಥನಾಗುವ ಮನಸ್ಸು ಅವನಿಗಿದೆಯೇ ಎಂದು. ಗುಣಪಡಿಸುವ ಶಕ್ತಿಯುಳ್ಳವರು ಗುಣಹೊಂದಬೇಕಾದವನ ಒಪ್ಪಿಗೆಯನ್ನು ಕೇಳಿದರು. ಮಕ್ಕಳ ವಿಷಯದಲ್ಲಿ ಕೊನೆಯ ನಿರ್ಧಾರ ತಂದೆತಾಯಿಗಳದೇ ಇರಬಹುದು. ಮೂಳೆ ಬೆಳೆಯುವ ವಯಸ್ಸು ಕಾಯುವುದಿಲ್ಲವಾದ್ದರಿಂದ ಅದು ಅನಿವಾರ್ಯವೂ ಹೌದು. ಆದರೆ ನಿರ್ಧರಿಸುವ ಹಕ್ಕು ನಮ್ಮದಾದ ಮಾತ್ರಕ್ಕೆ ಕೇಳುವ ಕರ್ತವ್ಯ ತಪ್ಪುವುದಿಲ್ಲ.

ಉದ್ದವಾದದ್ದು ಕಾಲು, ಅಳತೆ ಯಾವುದು?

ಇಲಿಜರೋವ್ ಅವರ ರೋಗಿಗಳಲ್ಲಿ ಅತ್ಯಂತ ಪ್ರಸಿದ್ಧನಾದವನು ವಲೇರಿ ಬ್ರುಮೆಲ್. 1963ರಲ್ಲಿ 2.28 ಮೀಟರ್ ಎತ್ತರ ಜಿಗಿದು ವಿಶ್ವದಾಖಲೆ ಮಾಡಿದವನು, 1964ರ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದವನು. 1965ರಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಅವನ ಕಾಲು ನುಜ್ಜುಗುಜ್ಜಾಯಿತು. ಹಲವು ಶಸ್ತ್ರಚಿಕಿತ್ಸೆಗಳು ವಿಫಲವಾದ ಮೇಲೆ 1968ರಲ್ಲಿ ಇಲಿಜರೋವ್ ಅವನಿಗೆ ಚಿಕಿತ್ಸೆ ನೀಡಿದರು. ಕಾಲು ಕೂಡಿತು. ಬ್ರುಮೆಲ್ ಮತ್ತೆ ಎರಡು ಮೀಟರಿಗಿಂತ ಎತ್ತರ ಜಿಗಿದ. ಆದರೆ 2.28 ಮತ್ತೆ ಬರಲಿಲ್ಲ. ಚಿಕಿತ್ಸೆ ನಮಗೆ ಬದುಕನ್ನು ಹಿಂದಿರುಗಿಸುತ್ತದೆ. ಹಳೆಯ ನಮ್ಮನ್ನೇ ಹಿಂದಿರುಗಿಸುವುದಿಲ್ಲ. ಚೇತರಿಸಿಕೊಳ್ಳುವವರ ದುಃಖದ ಒಂದು ಪಾಲು ಇದೇ ಆಗಿದೆ.

ನಮ್ಮ ನಾಡಿನಲ್ಲಿಯೇ ಇನ್ನೊಂದು ಉದಾಹರಣೆಯಿದೆ. ಕ್ರೀಡಾಪಟು ಮಾಲತಿ ಹೊಳ್ಳ ಅವರ ಹೆಸರನ್ನು ನೀವು ಕೇಳಿರಬಹುದು. 1958ರಲ್ಲಿ ಹುಟ್ಟಿದ ಅವರಿಗೆ ಇನ್ನೂ ಎಳೆಗೂಸಾಗಿದ್ದಾಗಲೇ ಪೋಲಿಯೋ ತಗುಲಿ ಇಡೀ ದೇಹ ನಿಶ್ಚಲವಾಯಿತು. ಎರಡು ವರ್ಷಕ್ಕೂ ಹೆಚ್ಚು ಕಾಲದ ವಿದ್ಯುತ್ ಚಿಕಿತ್ಸೆಯಿಂದ ಸೊಂಟದ ಮೇಲಿನ ಭಾಗಕ್ಕೆ ಬಲ ಬಂತು. ಮುಂದೆ ಬಾಲ್ಯ, ಕೌಮಾರ್ಯದ ಹದಿನೈದು ವರ್ಷಗಳನ್ನು ಅವರು ಮನೆಯವರಿಂದ ದೂರ, ಚೆನ್ನೈನ ಮೂಳೆ ಚಿಕಿತ್ಸಾ ಕೇಂದ್ರವೊಂದರಲ್ಲಿ ಕಳೆದರು. ಮೂವತ್ತಕ್ಕೂ ಹೆಚ್ಚು ಶಸ್ತ್ರಚಿಕಿತ್ಸೆಗಳಾದವು. ಇಷ್ಟಾದರೂ ಅವರು ಗಾಲಿಕುರ್ಚಿಯನ್ನು ಬಿಟ್ಟು ಏಳಲಿಲ್ಲ. ಆ ಗಾಲಿಕುರ್ಚಿಯಲ್ಲಿಯೇ ಅವರು 1988ರಲ್ಲಿ ಸಿಯೋಲ್, 1992ರಲ್ಲಿ ಬಾರ್ಸಿಲೋನ ಪ್ಯಾರಾಲಿಂಪಿಕ್ಸ್‌ಗೆ ಹೋದರು. 1995ರಲ್ಲಿ ಅರ್ಜುನ ಪ್ರಶಸ್ತಿ, 2001ರಲ್ಲಿ ಪದ್ಮಶ್ರೀ ಬಂದವು. ಬೆಂಗಳೂರಿನಲ್ಲಿ ಮಾತೃ ಫೌಂಡೇಷನ್ ಸ್ಥಾಪಿಸಿ ಅಂಗವಿಕಲ ಮಕ್ಕಳಿಗೆ ಆಸರೆಯಾದರು. ಇದನ್ನು ಹೇಳುವುದು “ನೋಡು, ಅವರು ಹೇಗೆ ಸಹಿಸಿಕೊಂಡರು, ನೀನೂ ಸಹಿಸಿಕೋ” ಎಂದು ಮಂಚದ ಮೇಲಿನ ಮಗುವನ್ನು ಹೀಯಾಳಿಸಲು ಅಲ್ಲ. ಮೂವತ್ತು ಶಸ್ತ್ರಚಿಕಿತ್ಸೆಗಳ ನಂತರವೂ “ಎಲ್ಲರಂತೆ” ಆಗದ ದೇಹವೊಂದು ಪೂರ್ಣ ಬದುಕನ್ನು ಬಾಳಬಲ್ಲದು ಎಂಬುದನ್ನು ಮಂಚದ ಸುತ್ತ ನಿಂತಿರುವ ನಮಗೆ ನೆನಪಿಸಲು.

ಇದಕ್ಕೆ ಪೂರಾ ವಿರುದ್ಧವಾದ ಸಂಗತಿಯೂ ಒಂದಿದೆ. 2016ರಲ್ಲಿ ಹೈದರಾಬಾದಿನಲ್ಲಿ ಸಾಫ್ಟ್‌ವೇರ್ ಉದ್ಯೋಗಿಯಾಗಿದ್ದ ಯುವಕನೊಬ್ಬ, ಕಾಲಿನಲ್ಲಿ ಯಾವ ದೋಷವೂ ಇಲ್ಲದಿದ್ದರೂ, ಇನ್ನಷ್ಟು ಎತ್ತರವಾಗಲೆಂದು ಇದೇ ಬಗೆಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ. ತಂದೆತಾಯಿಗಳಿಗೆ ಹೇಳಿರಲಿಲ್ಲ. ಮಗ ಕಾಣೆಯಾದನೆಂದು ಹುಡುಕಿಕೊಂಡು ಬಂದವರು ಅವನನ್ನು ಆಸ್ಪತ್ರೆಯ ಹಾಸಿಗೆಯಲ್ಲಿ ಕಂಡರು. ದೇಶದಾದ್ಯಂತ ಅದು ಚರ್ಚೆಯಾಯಿತು. ಹುಡುಗನನ್ನು ಬೈದವರು ಬಹಳ. ಆದರೆ ಆರೋಗ್ಯವಂತ ಕಾಲುಗಳನ್ನು ಕತ್ತರಿಸಿಕೊಳ್ಳುವಷ್ಟು ನೋವನ್ನು ಅವನ ಮನಸ್ಸಿನಲ್ಲಿ ತುಂಬಿದ್ದು ಯಾರು? ವಧೂವರರ ಜಾಹೀರಾತಿನಲ್ಲಿ ಎತ್ತರವನ್ನು ಅಂಗುಲದ ಲೆಕ್ಕದಲ್ಲಿ ಕೇಳುವವರು ನಾವು. ಮಕ್ಕಳನ್ನು ಬೆನ್ನಿಗೆ ಬೆನ್ನು ನಿಲ್ಲಿಸಿ ಅಳೆದು ನಗುವವರು ನಾವು. ಜಕ್ಕಾಯನೂ ಕುಳ್ಳನೇ. ಜನರ ಗುಂಪಿನಲ್ಲಿ ಅವನಿಗೆ ಜಾಗ ಸಿಗದೆ ಮರ ಹತ್ತಿದ. ಯೇಸುಸ್ವಾಮಿ ಅವನನ್ನು ಎತ್ತರಗೊಳಿಸಲಿಲ್ಲ; ತಲೆಯೆತ್ತಿ ಅವನನ್ನು ನೋಡಿದರು, ಹೆಸರು ಹಿಡಿದು ಕರೆದರು, ಅವನ ಮನೆಗೆ ಊಟಕ್ಕೆ ಹೋದರು. ಮರದಿಂದಿಳಿದ ಜಕ್ಕಾಯನ ಎತ್ತರ ಮೊದಲಿನಷ್ಟೇ ಇತ್ತು. ಬದಲಾದದ್ದು ಅವನು.

ನೋವು ಕಳೆಯಲು, ನಡಿಗೆ ಸರಿಪಡಿಸಲು, ಬೆನ್ನೆಲುಬು ಬಾಗದಂತೆ ತಡೆಯಲು ಮಾಡುವ ಚಿಕಿತ್ಸೆ ಒಂದು. ನೋಡುವವರ ಕಣ್ಣಿಗೆ ಹಿತವಾಗಲೆಂದು ಮಾಡಿಸುವುದು ಇನ್ನೊಂದು. ಎಷ್ಟೋ ಮನೆಗಳಲ್ಲಿ ಎರಡೂ ಬೆರೆತೇ ಇರುತ್ತವೆ. ಆ ಹುಡುಗನ ಪ್ರಶ್ನೆಯ ತಳದಲ್ಲಿದ್ದದ್ದು ಇದೇ ಅನುಮಾನ: ಇದು ನನಗಾಗಿ ಮಾಡಿದ್ದೋ, ನಿಮ್ಮ ಮರ್ಯಾದೆಗಾಗಿ ಮಾಡಿದ್ದೋ?

ಎರಡನೆಯ ಭೇಟಿ

ಉಂಗುರಗಳನ್ನು ತೆಗೆದು ಒಂದು ತಿಂಗಳಾದ ಮೇಲೆ ನಾನು ಮತ್ತೊಮ್ಮೆ ಆ ಮನೆಗೆ ಹೋದೆ. ಎರಡೂ ಕಾಲುಗಳು ಸಮವಾಗಿದ್ದವು. ಮನೆಯಲ್ಲಿ ಹಬ್ಬದ ವಾತಾವರಣವಿರಬೇಕಿತ್ತು, ಇರಲಿಲ್ಲ. ಬಂಧುಗಳು ಬಂದಾಗಲೆಲ್ಲ “ನಡೆದು ತೋರಿಸು” ಎನ್ನುತ್ತಿದ್ದರಂತೆ. ಹುಡುಗ ಕೋಣೆಯಿಂದ ಹೊರಗೆ ಬರುವುದನ್ನೇ ಬಿಟ್ಟಿದ್ದ.

ಈ ಸಲ ನಾನು ಬಾಗಿಲಲ್ಲಿ ನಿಂತು, “ಒಳಗೆ ಬರಬಹುದಾ?” ಎಂದು ಕೇಳಿದೆ. ಅವನು ಹೂಂ ಎಂದ. ಕುಳಿತೆ. ಬಹಳ ಹೊತ್ತು ಇಬ್ಬರೂ ಮಾತನಾಡಲಿಲ್ಲ. ಕೊನೆಗೆ ಹೇಳಿದೆ: “ಅವತ್ತು ನಾನು ಹಾಗೆ ಮಾತಾಡಬಾರದಿತ್ತು ಮಗಾ. ತಪ್ಪಾಯ್ತು.”

“ಪರವಾಗಿಲ್ಲ ಫಾದರ್. ಎಲ್ರೂ ಹಂಗೇ ಅಂತಿದ್ರು” ಎಂದ.

ಆಮೇಲೆ ಅವನೇ ಒಂದೊಂದಾಗಿ ಹೇಳಿದ. ರಾತ್ರಿ ಎಚ್ಚರವಾದಾಗ ಉಂಗುರಗಳು ಇನ್ನೂ ಕಾಲಿನಲ್ಲೇ ಇವೆ ಎನಿಸುತ್ತದೆ. ಕಾಲೂರಿದರೆ ಎಲ್ಲಿ ಮುರಿದೀತೋ ಎಂಬ ಭಯ. ಮೊದಲು ಶಾಲೆಯಲ್ಲಿ ನಡಿಗೆಯನ್ನು ನೋಡುತ್ತಿದ್ದರು, ಈಗ ಕಲೆಗಳನ್ನು ನೋಡುತ್ತಾರೆ. ಒಂದು ವರ್ಷದ ಪಾಠ ಹೋಯಿತು, ಜೊತೆಯವರು ಮುಂದಿನ ತರಗತಿಗೆ ಹೋದರು. ಸಂತೋಷವಾಗಿಲ್ಲವೆಂದರೆ ಅಪ್ಪನಿಗೆ ಬೇಸರ, ಆದ್ದರಿಂದ ಯಾರಿಗೂ ಹೇಳಲಿಲ್ಲ. ನಾನು ಕೇಳಿದೆ: “ಮೊದಲೇ ನಿನ್ನನ್ನ ಕೇಳಿದ್ದಿದ್ರೆ ಏನಂತಿದ್ದೆ?” ಅವನು ಬಹಳ ಯೋಚಿಸಿ ಹೇಳಿದ: “ಹೂಂ ಅಂತಿದ್ನೇನೋ. ಆದ್ರೂ ಕೇಳ್ಬೇಕಿತ್ತು.”

ಹೊರಡುವಾಗ ತಂದೆ ತೋಟದ ಅಂಚಿನವರೆಗೆ ನನ್ನೊಡನೆ ಬಂದರು. ಮಗ ಹೇಳಿದ್ದರಲ್ಲಿ ಹೇಳಬಹುದಾದಷ್ಟನ್ನು, ಅವನ ಒಪ್ಪಿಗೆ ಪಡೆದೇ, ನಾನು ಅವರಿಗೆ ಹೇಳಿದ್ದೆ. ಹೊಸದಾಗಿ ನೆಟ್ಟ ಅಡಿಕೆ ಸಸಿಗಳ ನಡುವೆ ಅವರು ನಿಂತರು. “ಇದಕ್ಕೆ ಐದಾರು ವರ್ಷ ಕಾಯ್ತೀವಿ ಫಾದರ್. ಯಾಕೆ ಫಲ ಬರ್ಲಿಲ್ಲ ಅಂತ ಒಂದ್ ದಿನಾನೂ ಬೈಯಲ್ಲ” ಎಂದು ಹೇಳಿ ಸುಮ್ಮನಾದರು. ನಾನೂ ಏನೂ ಸೇರಿಸಲಿಲ್ಲ.

ನಮ್ಮ ಮನೆಗಳಿಗೆ

ಕಾಲು ಉದ್ದಮಾಡುವ ಶಸ್ತ್ರಚಿಕಿತ್ಸೆ ಎಲ್ಲರ ಮನೆಯಲ್ಲೂ ನಡೆಯುವುದಿಲ್ಲ. ಆದರೆ ತಿಂಗಳುಗಟ್ಟಲೆ ಹಿಡಿಯುವ ಚೇತರಿಕೆ ಯಾವ ಮನೆಗೂ ಹೊಸದಲ್ಲ. ಸೊಂಟದ ಮೂಳೆ ಮುರಿದ ಅಜ್ಜಿ, ಪಾರ್ಶ್ವವಾಯುವಿನಿಂದ ಏಳುತ್ತಿರುವ ತಂದೆ, ಹೆರಿಗೆಯ ನಂತರ ಮಂಕಾದ ಸೊಸೆ ನಮ್ಮ ನಿಮ್ಮ ನಡುವೆಯೇ ಇದ್ದಾರೆ. ಅವರೆಲ್ಲರ ವಿಷಯದಲ್ಲಿ ನಾವು ಪಾಲಿಸಬಹುದಾದ ಕೆಲವು ಸಂಗತಿಗಳಿವೆ.

ಮೊದಲನೆಯದು, ನಿಜವನ್ನು ಮೊದಲೇ ಹೇಳುವುದು. “ಏನೂ ನೋವಾಗಲ್ಲ” ಎಂಬ ಸುಳ್ಳಿನಿಂದ ಒಂದು ದಿನದ ಧೈರ್ಯ ಸಿಗುತ್ತದೆ, ವರ್ಷದ ನಂಬಿಕೆ ಹೋಗುತ್ತದೆ. ಮಗುವನ್ನು ವೈದ್ಯರ ಎದುರು ಕೂರಿಸಿಕೊಂಡು, ಅದರ ಪ್ರಶ್ನೆಗಳನ್ನು ಅದೇ ಕೇಳಲು ಬಿಡಿ. ಸಾಧ್ಯವಾದರೆ ಇದೇ ಚಿಕಿತ್ಸೆ ಪಡೆದು ಚೇತರಿಸಿಕೊಂಡ ಇನ್ನೊಂದು ಮಗುವಿನೊಡನೆ ಮಾತನಾಡಿಸಿ.

ಎರಡನೆಯದು, ವೈದ್ಯರು ಹೇಳಿದ ನೋವಿನ ಔಷಧಿಯನ್ನು ಹೇಳಿದ ಹೊತ್ತಿಗೆ ಕೊಡುವುದು. ತಡೆದುಕೊಂಡರೆ ಹೆಚ್ಚು ಪುಣ್ಯವೇನೂ ಬರುವುದಿಲ್ಲ.

ಮೂರನೆಯದು, ನೋಯಿಸುವ ಕೆಲಸ ಒಬ್ಬರ ಕೈಗೇ ಬೀಳದಂತೆ ನೋಡಿಕೊಳ್ಳುವುದು. ನಟ್ಟು ತಿರುಗಿಸುವ ಪಾಳಿಯನ್ನು ತಂದೆಯೂ ವಹಿಸಿಕೊಳ್ಳಲಿ. ಮಗುವಿಗೆ ಇಷ್ಟವಿದ್ದು ವೈದ್ಯರು ಒಪ್ಪಿದರೆ ತನ್ನ ನಟ್ಟನ್ನು ಅದೇ ತಿರುಗಿಸಲಿ. ತಾಯಿ ಕೆಲವು ಸಲವಾದರೂ ಬರಿಗೈಯಲ್ಲಿ ಮಗನ ಬಳಿ ಹೋಗಿ ಕೂರುವಂತಾಗಲಿ.

ನಾಲ್ಕನೆಯದು, ಅಳಲೂ ಸಿಟ್ಟಾಗಲೂ ಜಾಗ ಕೊಡುವುದು. ಜೊತೆಗೆ, ಎಲ್ಲ ಮಂಕುತನವೂ ತಾನಾಗಿ ಹೋಗುವುದಿಲ್ಲ ಎಂಬುದನ್ನೂ ತಿಳಿದಿರುವುದು. ಮಗು ವಾರಗಟ್ಟಲೆ ಊಟ, ನಿದ್ದೆ, ಮಾತು ಬಿಟ್ಟರೆ, ಬದುಕು ಬೇಡವೆಂಬ ಮಾತು ಅದರ ಬಾಯಿಂದ ಒಂದು ಸಲ ಬಂದರೂ, ಅದನ್ನು ಹಟವೆನ್ನದೆ ವೈದ್ಯರಿಗೆ ತಿಳಿಸಿ. 2022ರಲ್ಲಿ ಆರಂಭವಾದ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲಿಯೇ, ತರಬೇತಾದವರು ಮಾತನಾಡುತ್ತಾರೆ. ಹಳ್ಳಿಯಿಂದಲೂ ಕರೆ ಮಾಡಬಹುದು. ಹೆಸರು ಕೆಡುವ ಭಯವಿಲ್ಲ.

ಕೊನೆಯದು ನಮ್ಮಂತೆ ನೋಡಲು ಹೋಗುವವರಿಗೆ. ನಡೆದು ತೋರಿಸು ಎನ್ನಬೇಡಿ. ಬೇರೆಯವರ ಕಷ್ಟದೊಡನೆ ಹೋಲಿಸಬೇಡಿ. ಖರ್ಚಿನ ಮಾತನ್ನು ಮಂಚದ ಬಳಿ ಎತ್ತಬೇಡಿ. ರೋಗಿಯನ್ನು ನೋಡಿದ ಮೇಲೆ ಅಡುಗೆಮನೆಗೂ ಹೋಗಿ, ಆರೈಕೆ ಮಾಡುತ್ತಿರುವವರನ್ನು “ನೀವು ಹೇಗಿದ್ದೀರಿ?” ಎಂದು ಕೇಳಿ. ಒಂದೇ ದಿನ ಹೆಚ್ಚು ಹೊತ್ತು ಕೂರುವುದಕ್ಕಿಂತ ಮತ್ತೊಂದು ದಿನ ಮತ್ತೆ ಹೋಗುವುದು ಮೇಲು. ಮೊದಲ ವಾರ ಮನೆ ತುಂಬ ಜನ ಬರುತ್ತಾರೆ. ಐದನೆಯ ತಿಂಗಳು ಯಾರೂ ಬರುವುದಿಲ್ಲ. ಆಗ ಹೋಗಿ.

ದಿನಕ್ಕೊಂದು ಮಿಲಿಮೀಟರ್ ಎಂಬುದು ಮೂಳೆಯ ವೇಗ. ಅದಕ್ಕಿಂತ ಬೇಗ ಎಳೆಯುವ ಧೈರ್ಯ ಯಾವ ವೈದ್ಯನಿಗೂ ಇಲ್ಲ. ಮನಸ್ಸು ಅಷ್ಟು ವೇಗವಾಗಿಯೂ ಚೇತರಿಸಿಕೊಳ್ಳದೆ ಇರಬಹುದು. ಅದನ್ನು ಎಳೆದು ಉದ್ದಮಾಡುವ ನಟ್ಟು ನಮ್ಮ ಕೈಯಲ್ಲಿಲ್ಲ. ನಮ್ಮ ಕೈಯಲ್ಲಿರುವುದು ಕಾಯುವುದು ಮಾತ್ರ. ತಾಳ್ಮೆಯನ್ನು ನಾವು ಇಷ್ಟು ದಿನ ರೋಗಿಯಿಂದ ಕೇಳುತ್ತಿದ್ದೆವು. ಅದು ನಾವು ಅವನಿಗೆ ಕೊಡಬೇಕಾಗಿದ್ದ ಸಾಲ.

ಆ ಹುಡುಗ ಈಗ ದೊಡ್ಡವನಾಗಿದ್ದಾನೆ. ಮೋಡ ಕವಿದ ದಿನ ಕಾಲು ಸ್ವಲ್ಪ ನೋಯುತ್ತದಂತೆ. ಕಳೆದ ಸಲ ಫೋನಿನಲ್ಲಿ ಮಾತನಾಡುವಾಗ ಅವನನ್ನು “ಹೇಗಿದ್ದೀಯಪ್ಪಾ?” ಎಂದು ಕೇಳಿದೆ. “ಪರವಾಗಿಲ್ಲ ಫಾದರ್” ಎಂದ. ನಾನು ಬೇರೇನೂ ಹೇಳದೆ, ಅವನು ಮುಂದೆ ಮಾತನಾಡುವವರೆಗೆ ಕಾದೆ.